ಕಬ್ಬಾಳದುರ್ಗವೂ ‘ಪ್ರಿಸನ್’ ಎಂಬ ಮಾತಿನ ಕನ್ನಡ ಪರ್ಯಾಯಗಳೂ

1. ಪ್ರಸ್ತಾವನೆ

ಹಿಂದಿನವರು ಕಾನಕಾನಹಳ್ಳಿಯೆಂದು ಕರೆಯುತ್ತಿದ್ದ ಈಗಿನ ಕನಕಪುರದ ಸೀಮೆಯಲ್ಲಿ, ಸಾತನೂರಿಗೆ ಸಮೀಪವಾಗಿ, ಕಬ್ಬಾಳು ಎಂಬ ಗ್ರಾಮವಿರುವುದು. ಅದರ ಮಗ್ಗುಲಲ್ಲಿ ಶಂಕುವಿನಾಕಾರದಿಂದ ಮೇಲೆದ್ದಿರುವ ಬೋಳುಬಂಡೆಯ ಬೆಟ್ಟವೇ ಕಬ್ಬಾಳದುರ್ಗವು. ತಪ್ಪಲಿನಲ್ಲಿ ನೆಲಸಿರುವ ಕಬ್ಬಾಳಮ್ಮನ ಹೆಸರನ್ನು ಕೇಳದವರು ಈ ಪ್ರಾಂತದಲ್ಲಿ ವಿರಳರು. ರಾಮನಗರ, ಚನ್ನಪಟ್ಟಣ, ಮಾಗಡಿ, ಮಳವಳ್ಳಿಗಳ ಕಡೆಯಿಂದ ಹರಕೆಹೊತ್ತು ಬರುವ ಭಕ್ತರು ಅನೇಕರು. ಆದರೆ ಅವರು ತಲೆಯೆತ್ತಿ ನೋಡುವ ಆ ಬೆಟ್ಟದ ಮೇಲೆ, ಮೈಸೂರಿನ ಸಿಂಹಾಸನವನ್ನೇರಿದ್ದ ಅರಸರೊಬ್ಬರು ಪತ್ನೀಸಮೇತರಾಗಿ ಬಂಧಿತರಾಗಿದ್ದು ಅಲ್ಲಿಯೇ ಪ್ರಾಣಬಿಟ್ಟ ಸಂಗತಿಯನ್ನು ನೆನೆಯುವವರು ಕಡಮೆ.

ಈ ಸಂಗತಿಯನ್ನು ಇಂಗ್ಲಿಷಿನಲ್ಲಿ ಬರೆದವರು ‘ಪ್ರಿಸನ್’ ಎಂಬ ಒಂದು ಸಾಮಾನ್ಯ ಶಬ್ದದಿಂದ ಇಡೀ ವಿಷಯವನ್ನು ಮುಗಿಸಿಬಿಡುವರು. ಅದನ್ನು ಕನ್ನಡಿಸುವವರು ಒಬ್ಬರು ‘ಕಾರಾಗೃಹ’ವೆಂದೂ, ಇನ್ನೊಬ್ಬರು ‘ಸೆರೆಮನೆ’ಯೆಂದೂ, ಮತ್ತೊಬ್ಬರು ‘ಬಂದೀಖಾನೆ’ಯೆಂದೂ ಬರೆಯುವರು. ಶಾಲೆಯ ಮಕ್ಕಳು ‘ಜೈಲು’ ಎನ್ನುವರು. ಇವೆಲ್ಲ ಒಂದೇ ಅರ್ಥದ ಮಾತುಗಳೆಂದೂ, ಯಾವುದನ್ನು ಹಾಕಿದರೂ ಬಾಧಕವಿಲ್ಲವೆಂದೂ ಸಾಮಾನ್ಯವಾದ ಭಾವನೆಯುಂಟು. ನಿಘಂಟುಗಳಲ್ಲಿ ಒಂದರ ಮುಂದೆ ಒಂದಾಗಿ ಇವು ಕುಳಿತಿರುವುದೇ ಈ ಭಾವನೆಗೆ ಮೂಲವು.

ಈ ಲೇಖನದಲ್ಲಿ ಸಾಧಿಸಲು ಉದ್ದೇಶಿಸಿರುವುದು ಇದಕ್ಕೆ ವಿರುದ್ಧವಾದ ಅಭಿಪ್ರಾಯವನ್ನು. ಈ ಶಬ್ದಗಳಲ್ಲಿ ಒಂದೊಂದೂ ಒಂದೊಂದು ಕಾಲದ, ಒಂದೊಂದು ಬಗೆಯ ಬಂಧನದ ಗುರುತನ್ನು ಹೊತ್ತಿದೆ. ಕಬ್ಬಾಳದುರ್ಗದಲ್ಲಿ ನಡೆದುದಕ್ಕೆ ಇವುಗಳಲ್ಲಿ ಯಾವುದೂ ಸಂಪೂರ್ಣವಾಗಿ ಒಪ್ಪುವುದಿಲ್ಲ. ಅಲ್ಲಿ ನಡೆದುದನ್ನು ಹೇಳಬಲ್ಲ ಮಾತು ಆ ಸ್ಥಳದ ಹೆಸರಿನಲ್ಲಿಯೇ ಇರುವ ‘ದುರ್ಗ’ ಶಬ್ದವು. ಇದನ್ನು ಕ್ರಮವಾಗಿ ಪರಿಶೀಲಿಸೋಣ.

2. ಇಂಗ್ಲಿಷಿನಲ್ಲಿ ಈ ಅರ್ಥದ ಶಬ್ದಗಳು

ಮೊದಲು ಇಂಗ್ಲಿಷ್ ಮಾತುಗಳ ಕುಲವನ್ನೇ ವಿಚಾರಿಸುವುದು ಯುಕ್ತ. ‘ಪ್ರಿಸನ್’ ಎಂಬುದು ಲ್ಯಾಟಿನ್ ಭಾಷೆಯಲ್ಲಿ ‘ಹಿಡಿಯುವಿಕೆ’ ಎಂಬ ಅರ್ಥದ ಶಬ್ದದಿಂದ ಫ್ರೆಂಚಿನ ಮೂಲಕ ಬಂದುದು. ಆದುದರಿಂದ ಮೂಲದಲ್ಲಿ ಅದು ಕಟ್ಟಡದ ಹೆಸರಲ್ಲ, ಕ್ರಿಯೆಯ ಹೆಸರು. ‘ಜೈಲ್’ ಎಂಬುದಾದರೋ ಪಂಜರವೆಂಬ ಅರ್ಥದ ಲ್ಯಾಟಿನ್ ಶಬ್ದದ ಅಲ್ಪಾರ್ಥಕ ರೂಪದಿಂದ ಹುಟ್ಟಿದುದು. ಅದು ಫ್ರೆಂಚಿನ ಎರಡು ಪ್ರಾಂತಭೇದಗಳಿಂದ ಇಂಗ್ಲಿಷಿಗೆ ಬಂದ ಕಾರಣ ಎರಡು ವಿಧವಾದ ಕಾಗುಣಿತಗಳು ಬಹುಕಾಲ ಬಳಕೆಯಲ್ಲಿದ್ದುವು. ‘ಸೆಲ್’ ಎಂಬುದು ಮಠದಲ್ಲಿ ಸನ್ಯಾಸಿಯು ವಾಸಿಸುವ ಚಿಕ್ಕ ಕೋಣೆಗೆ ಹೆಸರಾಗಿದ್ದು, ಆಮೇಲೆ ಬಂದಿಯ ಕೋಣೆಗೂ ಹೆಸರಾಯಿತು. ‘ಪೆನಿಟೆನ್ಷಿಯರಿ’ ಎಂಬುದರಲ್ಲಿ ಪಶ್ಚಾತ್ತಾಪದ ಅರ್ಥವಿದೆ. ಅಪರಾಧಿಯು ಏಕಾಂತದಲ್ಲಿ ಕುಳಿತು ಮನಸ್ಸನ್ನು ತಿದ್ದಿಕೊಳ್ಳಬೇಕೆಂಬ ಮತೀಯವಾದ ಭಾವನೆಯು ಆ ಹೆಸರಿಗೆ ಕಾರಣ.

ಇವೆಲ್ಲಕ್ಕಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದುದು ‘ಡಂಜನ್’ ಎಂಬ ಶಬ್ದ. ಈಗ ಅದಕ್ಕೆ ನೆಲದಡಿಯ ಕತ್ತಲೆಯ ಸೆರೆ ಎಂಬ ಅರ್ಥವಿದೆ. ಮೂಲದಲ್ಲಿ ಅದರ ಅರ್ಥವು ಇದಕ್ಕೆ ಪೂರ್ಣವಾಗಿ ವಿಪರೀತವಾಗಿತ್ತು. ಫ್ರೆಂಚಿನಲ್ಲಿ ಅದು ಕೋಟೆಯ ನಡುವಣ ಅತ್ಯಂತ ಎತ್ತರವಾದ, ಅತ್ಯಂತ ಭದ್ರವಾದ ಗೋಪುರದ ಹೆಸರು. ಒಡೆಯನೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಅದು ಹುಟ್ಟಿತು. ಶತ್ರುಗಳು ಕೋಟೆಯ ಹೊರಸುತ್ತನ್ನು ಹಿಡಿದಾಗ ಒಡೆಯನು ತನ್ನ ಪರಿವಾರದೊಡನೆ ಆಶ್ರಯಪಡೆಯುತ್ತಿದ್ದ ಕೊನೆಯ ನೆಲೆ ಅದು. ಅಷ್ಟು ಭದ್ರವಾದ ಕಟ್ಟಡವಾದ ಕಾರಣ ಸೆರೆಯಾಳುಗಳನ್ನೂ ಅಲ್ಲಿಯೇ ಇಡುವ ಪದ್ಧತಿ ಬಂದಿತು. ಕ್ರಮೇಣ ಒಡೆಯನು ಮರೆತುಹೋದನು, ಸೆರೆಯಾಳು ಉಳಿದುಕೊಂಡನು. ಒಡೆಯನ ಗೋಪುರವು ಬಂದಿಯ ನೆಲಮಾಳಿಗೆಯಾಯಿತು. ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಕಡೆಯ ಕೋಟೆಗೋಡೆಗೆ ಅಂಟಿಕೊಂಡಿರುವ ತಗ್ಗಾದ ಕಮಾನು ಕಟ್ಟಡವನ್ನು ಕರ್ನಲ್ ಬೈಲಿಯ ಡಂಜನ್ ಎಂದು ಕರೆಯುವುದನ್ನು ವಾಚಕರು ಬಲ್ಲರು. 1780ರಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಸೆರೆಸಿಕ್ಕಿದ ಆ ಸೇನಾನಿಯು 1782ರಲ್ಲಿ ಶ್ರೀರಂಗಪಟ್ಟಣದಲ್ಲಿಯೇ ತೀರಿಕೊಂಡನು. ರಕ್ಷಣೆಯ ನೆಲೆಯ ಹೆಸರು ಬಂಧನದ ನೆಲೆಯ ಹೆಸರಾಗುವ ಈ ಕ್ರಮವನ್ನು ನೆನಪಿನಲ್ಲಿಟ್ಟುಕೊಂಡು ಮುಂದುವರಿಯೋಣ.

3. ಸಂಸ್ಕೃತದ ಶಬ್ದಗಳು

ಸಂಸ್ಕೃತದಲ್ಲಿ ಈ ಅರ್ಥಕ್ಕೆ ಅತ್ಯಂತ ವ್ಯಾಪಕವಾದ ಮಾತು ‘ಬಂಧನ’. ಅದೂ ‘ಪ್ರಿಸನ್’ ಎಂಬಂತೆ ಮೊದಲು ಕ್ರಿಯೆಯ ಹೆಸರು. ಕಳಿಂಗದ ಅಧಿಕಾರಿಗಳನ್ನು ಕುರಿತು ಅಶೋಕನು ಬರೆಯಿಸಿದ ಪ್ರತ್ಯೇಕ ಶಿಲಾಶಾಸನದಲ್ಲಿ, ನಿಷ್ಕಾರಣವಾಗಿ ಜನರು ಬಂಧನಕ್ಕೂ ಕ್ಲೇಶಕ್ಕೂ ಗುರಿಯಾಗದಂತೆ ನೋಡಿಕೊಳ್ಳಬೇಕೆಂಬ ವಿಧಿಯುಂಟು. ಧೌಲಿ, ಜೌಗಡಗಳಲ್ಲಿರುವ ಆ ಪ್ರತ್ಯೇಕ ಶಾಸನಗಳ ಭಾಗಗಳು ನಮ್ಮ ನಾಡಿನ ಸನ್ನತಿಯಲ್ಲಿಯೂ 1989ರಲ್ಲಿ ದೊರೆತುವು. ಅಕಾರಣ ಬಂಧನವು ರಾಜನಿಗೆ ದೋಷವೆಂಬ ಭಾವನೆಯು ಈ ದೇಶಕ್ಕೆ ಹೊಸದಲ್ಲವೆಂದು ಇದರಿಂದ ತಿಳಿಯಬಹುದು.

ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಎರಡು ಶಬ್ದಗಳನ್ನು ಬೇರೆಬೇರೆಯಾಗಿ ಉಪಯೋಗಿಸಿರುವನು. ವಿಚಾರಣೆಗೆ ಮೊದಲು ಹಿಡಿದಿಡುವ ಸ್ಥಳವು ‘ಚಾರಕ’. ರಾಜಾಜ್ಞೆಯಿಂದ ಕಟ್ಟಿಸಿದ, ಸ್ತ್ರೀಪುರುಷರಿಗೆ ಪ್ರತ್ಯೇಕವಾದ ಸ್ಥಾನಗಳುಳ್ಳ, ಕಾವಲುಳ್ಳ ಕಟ್ಟಡವು ‘ಬಂಧನಾಗಾರ’. ರಾಜನ ಜನ್ಮನಕ್ಷತ್ರದ ದಿನದಲ್ಲಿಯೂ ಪೌರ್ಣಮಿಗಳಲ್ಲಿಯೂ ಬಾಲರನ್ನು, ವೃದ್ಧರನ್ನು, ರೋಗಿಗಳನ್ನು, ಅನಾಥರನ್ನು ಬಂಧನಾಗಾರದಿಂದ ಬಿಡಬೇಕೆಂದು ಆತನು ವಿಧಿಸುವನು. ಎಂದರೆ ಬಂಧನಾಗಾರಕ್ಕೆ ಒಂದು ಬಾಗಿಲಿದೆ. ಆ ಬಾಗಿಲು ಕೆಲವು ದಿನಗಳಲ್ಲಿ ತೆರೆಯುತ್ತದೆ.

ಅಮರಸಿಂಹನು ಬಂಧನಾಲಯವೆಂಬ ಅರ್ಥದಲ್ಲಿ ‘ಕಾರಾ’ ಶಬ್ದವನ್ನು ಹೇಳಿರುವನು. ಇದಕ್ಕೆ ‘ಗೃಹ’ವು ಸೇರಿ ‘ಕಾರಾಗೃಹ’ವಾಯಿತು. ‘ಕಾರ್ಯ’ ಶಬ್ದಕ್ಕೂ ಇದಕ್ಕೂ ಸಂಬಂಧವಿದೆಯೆಂದು ತಿಳಿದು ‘ಕಾರ್ಯಗೃಹ’ವೆಂದು ಬರೆಯುವ ವಿದ್ಯಾರ್ಥಿಗಳನ್ನು ಕಂಡಿದ್ದೇನೆ, ಅದು ತಪ್ಪು. ‘ಗುಪ್ತಿ’ ಎಂಬುದು ಇನ್ನೂ ಸ್ವಾರಸ್ಯವಾದ ಶಬ್ದ. ಕಾಪಾಡುವುದೆಂಬ ಅರ್ಥದ ‘ಗುಪ್’ ಧಾತುವಿನಿಂದ ಹುಟ್ಟಿದ ಇದಕ್ಕೆ ರಕ್ಷಣೆ, ಮರೆಮಾಡುವಿಕೆ, ನೆಲದೊಳಗಣ ಕುಳಿ, ಸೆರೆ ಎಂಬ ಅರ್ಥಗಳನ್ನು ಕೋಶಕಾರರು ಕೊಡುವರು. ಫ್ರೆಂಚರ ಗೋಪುರವು ಸಾಗಿದ ಹಾದಿಯನ್ನೇ ಇದೂ ಹಿಡಿದಿದೆ. ಕಾಯುವ ಕೈಯೂ ಕಟ್ಟುವ ಕೈಯೂ ಒಂದೇ ಎಂಬುದನ್ನು ಭಾಷೆಗಳು ಬೇರೆಬೇರೆಯಾಗಿ ಕಂಡುಕೊಂಡಂತಿದೆ.

4. ಅಚ್ಚಗನ್ನಡದ ‘ಸೆರೆ’

ಕನ್ನಡದ ಸ್ವಂತ ಶಬ್ದವು ‘ಸೆರೆ’. ಹಳಗನ್ನಡದಲ್ಲಿ ಇದನ್ನು ಶಕಟರೇಫೆಯಿಂದ ‘ಸೆಱೆ’ ಎಂದು ಬರೆಯುತ್ತಿದ್ದರು. ತಮಿಳಿನಲ್ಲಿ ‘ಚಿಱೈ’ ಎಂದೂ ತೆಲುಗಿನಲ್ಲಿ ‘ಚೆಱ’ ಎಂದೂ ಇದರ ಸೋದರರೂಪಗಳಿವೆ. ತಮಿಳಿನ ರೂಪಕ್ಕೆ ಸೆರೆ, ಕಾವಲು ಎಂಬ ಅರ್ಥಗಳಲ್ಲದೆ ಅಣೆ, ಜಲಾಶಯ ಎಂಬ ಅರ್ಥಗಳೂ ಉಂಟು. ಈ ಎರಡನೆಯ ಅರ್ಥದಲ್ಲಿ ಅದು ನಮ್ಮ ‘ಕೆಱೆ’ ಶಬ್ದಕ್ಕೆ ಸಜಾತೀಯವೆಂದು ದ್ರಾವಿಡ ಭಾಷಾಶಾಸ್ತ್ರಜ್ಞರು ಹೇಳುವರು. ಕನ್ನಡದಲ್ಲಿ ಪದಾದಿಯ ಕಕಾರವು ಉಳಿದ ಎಡೆಗಳಲ್ಲಿ ತಮಿಳಿನಲ್ಲಿ ಚಕಾರವು ಬರುವುದು ಪ್ರಸಿದ್ಧವಾದ ನಿಯಮ. ಹಾಗಾದರೆ ತಡೆದು ನಿಲ್ಲಿಸಿದ ನೀರಿಗೆ ಕೆರೆಯೆಂದೂ, ತಡೆದು ನಿಲ್ಲಿಸಿದ ಮನುಷ್ಯನ ಸ್ಥಿತಿಗೆ ಸೆರೆಯೆಂದೂ ಹೆಸರಾಯಿತೆಂದು ತೋರುತ್ತದೆ.

ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ‘ಸೆರೆ’ಯು ಮುಖ್ಯವಾಗಿ ಸ್ಥಿತಿಯ ಹೆಸರು. ಸೆರೆಹಿಡಿ, ಸೆರೆಸಿಕ್ಕು, ಸೆರೆಬಿಡಿಸು ಎಂದು ಅದಕ್ಕೆ ಕ್ರಿಯಾಪದಗಳು ಸೇರುವುವು. ‘ಸೆರೆಯಾಳು’ ಎಂದರೆ ಕಳ್ಳನೂ ಆಗಬಹುದು, ಯುದ್ಧದಲ್ಲಿ ಸಿಕ್ಕಿದ ವೀರನೂ ಆಗಬಹುದು. ಅಪರಾಧದ ಸೂಚನೆಯಾಗಲಿ, ನ್ಯಾಯಾಧಿಕಾರಿಯ ತೀರ್ಪಿನ ಸೂಚನೆಯಾಗಲಿ ಅದರಲ್ಲಿಲ್ಲ. ಕಟ್ಟಡವನ್ನು ಹೇಳಬೇಕಾದಾಗ ‘ಮನೆ’ ಎಂಬುದನ್ನು ಸೇರಿಸಿ ‘ಸೆರೆಮನೆ’ ಎನ್ನಬೇಕಾಯಿತು.

5. ಹೊರಗಿನಿಂದ ಬಂದ ಮಾತುಗಳು

‘ಬಂದೀಖಾನೆ’ಯಲ್ಲಿ ಎರಡು ಭಾಷೆಗಳು ಕೂಡಿವೆ. ‘ಖಾನೆ’ಯು ಫಾರಸಿಯ ಮಾತು, ಮನೆಯೆಂದರ್ಥ. ‘ಬಂದಿ’ಯು ಸೆರೆಯಾಳೆಂಬ ಅರ್ಥದಲ್ಲಿ ಸಂಸ್ಕೃತಕ್ಕೂ ಫಾರಸಿಗೂ ಸಮಾನವಾದುದು. ಇದನ್ನು ‘ಬಂಧೀಖಾನೆ’ ಎಂದು ಮಹಾಪ್ರಾಣದಿಂದ ಬರೆಯುವುದು ‘ಬಂಧನ’ದ ಭ್ರಾಂತಿಯಿಂದ ಆದ ದೋಷ. ರಾಜರನ್ನು ಸ್ತುತಿಸುವ ವಂದಿಮಾಗಧರ ‘ವಂದಿ’ಯೂ ಕೆಲವೆಡೆ ‘ಬಂದಿ’ಯೆಂದೇ ಕಾಣಿಸುವ ಕಾರಣ, ಹಳೆಯ ಗ್ರಂಥಗಳನ್ನು ಓದುವವರು ಹೊಗಳುವವನನ್ನು ಸೆರೆಯಾಳೆಂದು ತಿಳಿಯದಂತೆ ಎಚ್ಚರವಾಗಿರಬೇಕು.

ಇದೇ ವಿಧವಾದ ಎಚ್ಚರವು ‘ಕೈದು’ ಶಬ್ದದಲ್ಲಿಯೂ ಬೇಕು. ಹಳಗನ್ನಡದಲ್ಲಿ ‘ಕೈದು’ ಎಂದರೆ ಆಯುಧ. ‘ಕೈದುಗೊಂಡನು’ ಎಂದರೆ ಆಯುಧವನ್ನು ಹಿಡಿದನು ಎಂದರ್ಥ. ಅರಬ್ಬಿಯಿಂದ ಬಂದ ‘ಕೈದು’ ಎಂದರೆ ಬಂಧನ, ಅದರಿಂದ ‘ಕೈದಿ’. ಒಂದೇ ಉಚ್ಚಾರಣೆಯ ಎರಡು ಮಾತುಗಳಲ್ಲಿ ಒಂದು ಕೈಗೆ ಬಲವನ್ನು ಕೊಡುವುದು, ಇನ್ನೊಂದು ಕೈಯನ್ನು ಕಟ್ಟುವುದು.

‘ತುರಂಗ’ವೆಂಬುದು ಸಂಸ್ಕೃತಜ್ಞರನ್ನು ಇನ್ನೂ ಹೆಚ್ಚಾಗಿ ಮೋಸಗೊಳಿಸುವ ಶಬ್ದ. ಕುದುರೆಗೂ ಸೆರೆಮನೆಗೂ ಏನು ನಂಟೆಂದು ಕೇಳಿದರೆ ಯಾವ ನಂಟೂ ಇಲ್ಲ. ಪೋರ್ಚುಗೀಸರ ‘ಟ್ರೊಂಕೊ’ ಎಂಬ ಮಾತು ಮರಾಠಿಯಲ್ಲಿ ‘ತುರುಂಗ’ವಾಗಿ ಕನ್ನಡದಲ್ಲಿ ‘ತುರಂಗ’ವಾಯಿತು. ಮರದ ಬೊಡ್ಡೆ ಎಂಬುದು ಅದರ ಮೂಲಾರ್ಥ. ಮರದ ದಿಮ್ಮಿಯಲ್ಲಿ ರಂಧ್ರಗಳನ್ನು ಕೊರೆದು ಅಪರಾಧಿಯ ಕಾಲುಗಳನ್ನು ಅದರಲ್ಲಿ ಸಿಕ್ಕಿಸುವ ಸಾಧನಕ್ಕೆ ಅದು ಹೆಸರಾಗಿ, ಅಲ್ಲಿಂದ ಸೆರೆಮನೆಗೆ ಹೆಸರಾಯಿತು. ಕನ್ನಡದಲ್ಲಿ ಆ ಸಾಧನಕ್ಕೆ ‘ಕೋಳ’ವೆಂಬ ಹೆಸರಿತ್ತು. ‘ಕೈಕೋಳ’ದಲ್ಲಿ ಈಗಲೂ ಅದು ಉಳಿದಿದೆ.

ಇಂಗ್ಲಿಷರ ಆಡಳಿತದೊಡನೆ ಬಂದ ‘ಜೈಲು’ ಇವೆಲ್ಲವನ್ನೂ ಮೀರಿ ಜನರ ಬಾಯಲ್ಲಿ ನೆಲೆಗೊಂಡಿತು. ಅದರೊಡನೆ ಬಂದುದು ಒಂದು ಹೊಸ ವ್ಯವಸ್ಥೆ: ಕಾಯಿದೆ, ವಿಚಾರಣೆ, ತೀರ್ಪು, ಇಷ್ಟು ವರ್ಷವೆಂಬ ಅವಧಿ, ಅವಧಿ ಮುಗಿದ ಮೇಲೆ ಬಿಡುಗಡೆ. ನಮ್ಮ ಜನರು ಈ ಮಾತಿಗೂ ತಮ್ಮದೇ ಆದ ಪರ್ಯಾಯಗಳನ್ನು ಕಟ್ಟಿದರು. ದುಷ್ಟನು ಹೋದರೆ ‘ಮಾವನ ಮನೆ’ಗೆ ಹೋದನೆಂದು ಪರಿಹಾಸಮಾಡಿದರು. ಸ್ವಾತಂತ್ರ್ಯ ಸಮರದಲ್ಲಿ ಸತ್ಯಾಗ್ರಹಿಯು ಹೋದರೆ ‘ಶ್ರೀಕೃಷ್ಣಜನ್ಮಸ್ಥಾನ’ಕ್ಕೆ ಹೋದನೆಂದು ಗೌರವಿಸಿದರು. ಕಬ್ಬಾಳಿಗೆ ಬಹಳ ದೂರವಿಲ್ಲದ ಮದ್ದೂರಿನ ಶಿವಪುರದಲ್ಲಿ 1938ರ ಧ್ವಜಸತ್ಯಾಗ್ರಹದ ಕಾಲದಲ್ಲಿ ಬಂಧಿತರಾದವರನ್ನು ಯಾರೂ ಮಾವನ ಮನೆಗೆ ಹೋದವರೆಂದು ಹೇಳಲಾರರು. ಕಟ್ಟಡವು ಒಂದೇ, ಒಳಗೆ ಹೋದವನಾರು, ಕಳುಹಿಸಿದವನಾರು ಎಂಬುದರಮೇಲೆ ಮಾತು ಬೇರೆಯಾಯಿತು. ಪರ್ಯಾಯಪದಗಳು ಸಮಾನಾರ್ಥಕಗಳಲ್ಲವೆಂಬುದಕ್ಕೆ ಇದಕ್ಕಿಂತ ಸುಲಭವಾದ ನಿದರ್ಶನವು ಬೇಕಿಲ್ಲ.

6. ದುರ್ಗವು ಸೆರೆಯಾದುದು

ಇನ್ನು ‘ದುರ್ಗ’ ಶಬ್ದದ ವಿಚಾರ. ‘ಸು’, ‘ದುರ್’ ಎಂಬ ಉಪಪದಗಳು ಹಿಂದಿರುವಾಗ ‘ಗಮ್’ ಧಾತುವಿಗೆ ಅಧಿಕರಣಾರ್ಥದಲ್ಲಿ ಪ್ರತ್ಯಯವನ್ನು ಪಾಣಿನೀಯರು ವಿಧಿಸುವರು. ಎಲ್ಲಿ ಸುಖವಾಗಿ ಸಂಚರಿಸಬಹುದೋ ಅದು ‘ಸುಗ’, ಎಲ್ಲಿ ಸಂಚರಿಸುವುದು ಕಷ್ಟವೋ ಅದು ‘ದುರ್ಗ’. ಇದರಲ್ಲಿ ಅಧಿಕರಣವನ್ನು ಮಾತ್ರ ಹೇಳಿದೆ. ಯಾರಿಗೆ ಕಷ್ಟವೆಂದು ಹೇಳಿಲ್ಲ. ಹೊರಗಿನಿಂದ ಒಳಕ್ಕೆ ಬರುವವನಿಗೆ ಕಷ್ಟವೆಂದು ರಾಜನೀತಿಕಾರರು ಅರ್ಥಮಾಡಿದರು. ಸ್ವಾಮಿ, ಅಮಾತ್ಯ ಮೊದಲಾದ ರಾಜ್ಯದ ಏಳು ಅಂಗಗಳಲ್ಲಿ ದುರ್ಗವನ್ನು ಸೇರಿಸಿದರು. ಕೌಟಿಲ್ಯನು ಜಲ, ಪರ್ವತ, ಮರುಭೂಮಿ, ವನಗಳೆಂಬ ನಾಲ್ಕು ಬಗೆಯನ್ನು ಹೇಳಿದನು. ಮನುವು ಆರು ಬಗೆಯನ್ನು ಹೇಳಿ ಅವುಗಳಲ್ಲಿ ಗಿರಿದುರ್ಗವೇ ಶ್ರೇಷ್ಠವೆಂದನು. ಆದರೆ ಒಳಗಿನಿಂದ ಹೊರಕ್ಕೆ ಹೋಗಬೇಕಾದವನಿಗೂ ಅದೇ ಬೆಟ್ಟವು ಅಷ್ಟೇ ಕಷ್ಟವೆಂಬುದನ್ನು ವ್ಯುತ್ಪತ್ತಿಯು ಅಲ್ಲಗಳೆಯುವುದಿಲ್ಲ.

ಈ ಪ್ರಾಂತವು ಗಿರಿದುರ್ಗಗಳ ನಾಡು. ಸಾವನದುರ್ಗ, ಹುತ್ರಿದುರ್ಗ, ಹುಲಿಯೂರುದುರ್ಗ, ರಾಮಗಿರಿ, ಶಿವನಗಿರಿಗಳು ಒಂದರಿಂದೊಂದು ಕಾಣುವಷ್ಟು ಹತ್ತಿರದಲ್ಲಿ ಹೆಚ್ಚು ಕಡಮೆಯಾಗಿ ಹರಡಿಕೊಂಡಿವೆ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆಯು ಸಾವನದುರ್ಗವನ್ನೂ ಹುತ್ರಿದುರ್ಗವನ್ನೂ ಹಿಡಿದಾಗ ಇಂಗ್ಲಿಷರ ಬಾಯಲ್ಲಿ ಈ ಶಬ್ದವು ‘ಡ್ರೂಗ್’ ಎಂದಾಯಿತು. ಯೂಲ್ ಮತ್ತು ಬರ್ನೆಲ್ ಎಂಬವರು 1886ರಲ್ಲಿ ಪ್ರಕಟಿಸಿದ ಹಾಬ್ಸನ್-ಜಾಬ್ಸನ್ ಎಂಬ ಕೋಶದಲ್ಲಿ ಅದಕ್ಕೊಂದು ಸ್ಥಾನವು ದೊರೆಯಿತು. ಬೆಟ್ಟದ ಮೇಲಣ ಕೋಟೆಯೆಂದು ಅರ್ಥ. ಸೆರೆಯೆಂಬ ಅರ್ಥವು ‘ಡ್ರೂಗ್’ ಎಂಬ ಆ ರೂಪಕ್ಕೆ ಅಂಟಲಿಲ್ಲ. ಇಂಗ್ಲಿಷರಿಗೆ ದುರ್ಗವು ಹೊರಗಿನಿಂದ ಹತ್ತಿ ಹಿಡಿಯಬೇಕಾದ ವಸ್ತುವಾಗಿತ್ತು.

ಕಬ್ಬಾಳದುರ್ಗದ ಚರಿತ್ರೆಯು ಒಳಗಿನಿಂದ ನೋಡತಕ್ಕ ಚರಿತ್ರೆ. ಈ ಬೆಟ್ಟವು ಸಮುದ್ರಮಟ್ಟದಿಂದ 3000 ಅಡಿಗೂ ಮಿಗಿಲಾದ ಎತ್ತರವುಳ್ಳದ್ದು. ಹತ್ತಲು ಒಂದೇ ಕಡೆಯಲ್ಲಿ ಕಡಿದಾದ ದಾರಿಯುಂಟು. ಉಳಿದ ಕಡೆಗಳಲ್ಲಿ ನುಣುಪಾದ ಬಂಡೆ. ಮೇಲಿನ ನೀರೂ ಹವೆಯೂ ದೇಹಕ್ಕೆ ವಿಷಮವೆಂದು ಪ್ರಸಿದ್ಧಿಯಿತ್ತು. ಒಂದು ದಾರಿಯನ್ನು ಕಾದರೆ ಸಾಕು, ಒಳಗಿದ್ದವನಿಗೆ ಬೇರೆ ಸಂಕೋಲೆ ಬೇಕಿರಲಿಲ್ಲ.

ದೊಡ್ಡ ಕೃಷ್ಣರಾಜ ಒಡೆಯರವರು 1732ರಲ್ಲಿ ಗತಿಸಿದಮೇಲೆ, ದತ್ತುಪುತ್ರರಾದ ಚಾಮರಾಜ ಒಡೆಯರವರಿಗೆ ಪಟ್ಟವಾಯಿತು. ಇವರನ್ನು ಚರಿತ್ರಕಾರರು ಸಾಮಾನ್ಯವಾಗಿ ಏಳನೆಯ ಚಾಮರಾಜರೆಂದು ಎಣಿಸುವರು. ಆಗ ರಾಜ್ಯದ ನಿಜವಾದ ಅಧಿಕಾರವೆಲ್ಲವೂ ದಳವಾಯಿ ದೇವರಾಜಯ್ಯನವರ ಮತ್ತು ಅವರ ಬಂಧುವರ್ಗದ ಕೈಯಲ್ಲಿತ್ತು. 1728ರಲ್ಲಿ ಮಾಗಡಿಯನ್ನೂ ಸಾವನದುರ್ಗವನ್ನೂ ಗೆದ್ದು, ಕೆಂಪೇಗೌಡನ ವಂಶದ ಕೊನೆಯ ಪ್ರಭುವನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದುದು ಈ ದಳವಾಯಿಯ ಸೇನೆಯೇ. ಚಾಮರಾಜರು ದಳವಾಯಿಗಳ ಹಿಡಿತವನ್ನು ಸಡಲಿಸಿ ತಾವೇ ಆಳಲು ಪ್ರಯತ್ನಿಸಿದರು. ಪ್ರಯತ್ನವು ಕೈಗೂಡಲಿಲ್ಲ. 1734ರಲ್ಲಿ ಅವರನ್ನು ಪದಚ್ಯುತರನ್ನಾಗಿ ಮಾಡಿ ಪತ್ನೀಸಮೇತರಾಗಿ ಕಬ್ಬಾಳದುರ್ಗಕ್ಕೆ ಕಳುಹಿಸಿದರು. ಅವರು ಅಲ್ಲಿಯೇ ಮೃತರಾದರು. ಬಾಲಕರಾಗಿದ್ದ ಇಮ್ಮಡಿ ಕೃಷ್ಣರಾಜ ಒಡೆಯರವರಿಗೆ ಪಟ್ಟವನ್ನು ಕಟ್ಟಿದರು.

ಅರಸನ ಮೇಲೆ ಕತ್ತಿಯನ್ನೆತ್ತುವುದು ರಾಜದ್ರೋಹ, ಮಹಾಪಾತಕ. ಅವನನ್ನು ಕಳ್ಳಕಾಕರೊಡನೆ ಸಾಮಾನ್ಯವಾದ ಸೆರೆಮನೆಯಲ್ಲಿಡುವುದು ಪ್ರಜೆಗಳ ಕೋಪಕ್ಕೆ ಕಾರಣ. ಊರೊಳಗಿನ ಅರಮನೆಯಲ್ಲಿಯೇ ಇರಗೊಟ್ಟರೆ ಅವನ ಪಕ್ಷದವರು ಸೇರಿಕೊಳ್ಳುವ ಭಯ. ದುರ್ಗಕ್ಕೆ ಕಳುಹಿಸಿದರೆ ಈ ಮೂರು ತೊಡಕುಗಳೂ ಇಲ್ಲ. ನೀರು, ಗಾಳಿ, ಕಾಲಗಳೇ ಉಳಿದ ಕೆಲಸವನ್ನು ಮಾಡುವುವು. ಯಾರ ಕೈಯೂ ಕೆಂಪಾಗುವುದಿಲ್ಲ. ಈ ಯುಕ್ತಿಯು ದಳವಾಯಿಗಳೊಡನೆ ಕೊನೆಗಾಣಲಿಲ್ಲ. ಹೈದರಾಲಿ, ಟಿಪ್ಪುಸುಲ್ತಾನರ ಕಾಲದಲ್ಲಿಯೂ ಕಬ್ಬಾಳದುರ್ಗವು ರಾಜಕೀಯ ಬಂದಿಗಳ ನೆಲೆಯಾಗಿಯೇ ಮುಂದುವರಿಯಿತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರನು ರಾಣಿ ವೀರಮ್ಮಾಜಿಯನ್ನು ಇಟ್ಟುದು ಮಧುಗಿರಿಯ ದುರ್ಗದಲ್ಲಿ. ಆಕೆಯನ್ನು ಮರಾಠರು 1767ರಲ್ಲಿ ಬಿಡಿಸಿದರು. ರಾಜ್ಯವನ್ನು ಕಳೆದುಕೊಂಡವರಿಗೆ ದುರ್ಗವೇ ಗತಿಯೆಂಬುದು ಆ ಶತಮಾನದ ರೂಢಿಯಾಗಿತ್ತು.

7. ಆಕ್ಷೇಪವೂ ಸಮಾಧಾನವೂ

ಇಲ್ಲಿ ಒಂದು ಆಕ್ಷೇಪವು ಬರಬಹುದು. ದುರ್ಗವನ್ನು ಸೆರೆಯಾಗಿ ಉಪಯೋಗಿಸಿದ ಮಾತ್ರಕ್ಕೆ ಶಬ್ದಕ್ಕೆ ಆ ಅರ್ಥವು ಬರುವುದಿಲ್ಲ. ಕೋಶಗಳಲ್ಲಿ ‘ದುರ್ಗ’ಕ್ಕೆ ಕೋಟೆ, ಕಷ್ಟ ಎಂಬ ಅರ್ಥಗಳಿವೆಯೇ ಹೊರತು ಸೆರೆಯೆಂದಿಲ್ಲವಲ್ಲ, ಎಂದು. ಸಮಾಧಾನವು ಹೀಗೆ: ಕೋಶವು ಹೇಳುವುದು ವಾಚ್ಯಾರ್ಥವನ್ನು. ನಾವು ಹೇಳುತ್ತಿರುವುದು ಲಕ್ಷ್ಯಾರ್ಥವನ್ನು. ಲಕ್ಷಣೆಗೆ ಮೂರು ನಿಮಿತ್ತಗಳನ್ನು ಆಲಂಕಾರಿಕರು ಹೇಳಿದ್ದಾರೆ: ಮುಖ್ಯಾರ್ಥಕ್ಕೆ ಬಾಧೆ, ಮುಖ್ಯಾರ್ಥದೊಡನೆ ಸಂಬಂಧ, ರೂಢಿ ಅಥವಾ ಪ್ರಯೋಜನ. ‘ಅರಸನನ್ನು ದುರ್ಗಕ್ಕೆ ಕಳುಹಿಸಿದರು’ ಎಂಬ ವಾಕ್ಯವನ್ನು ತೆಗೆದುಕೊಳ್ಳಿರಿ. ಅರಸನನ್ನು ಶತ್ರುಗಳಿಂದ ಕಾಯಲು ದುರ್ಗಕ್ಕೆ ಕಳುಹಿಸುವುದು ಮುಖ್ಯಾರ್ಥ. ಆದರೆ ಕಳುಹಿಸಿದವರೇ ಶತ್ರುಗಳು; ಆದುದರಿಂದ ಬಾಧೆಯುಂಟಾಯಿತು. ದುರ್ಗಮವಾಗಿರುವಿಕೆಯೇ ಎರಡು ಅರ್ಥಗಳಿಗೂ ಸಂಬಂಧ. ಪ್ರಯೋಜನವೋ, ರಾಜಬಂಧನವೆಂಬ ಅಕಾರ್ಯವನ್ನು ಗೌರವದ ಮಾತಿನಿಂದ ಮುಚ್ಚುವುದು. ಮೂರೂ ಕೂಡಿದಮೇಲೆ ಇದು ಲಕ್ಷಣೆಯಲ್ಲವೆಂದು ಹೇಳುವುದು ಹೇಗೆ?

ಸ್ಥಳದ ಹೆಸರು ಸೆರೆಗೆ ಹೆಸರಾಗುವುದಕ್ಕೆ ನಮ್ಮ ಕಾಲದಲ್ಲಿಯೂ ಉದಾಹರಣೆಯಿದೆ. ಅಗ್ರಹಾರವೆಂದರೆ ವಿದ್ವಾಂಸರಾದ ಬ್ರಾಹ್ಮಣರಿಗೆ ರಾಜರು ದತ್ತಿಬಿಟ್ಟ ಗ್ರಾಮ. ಬೆಂಗಳೂರಿನ ಕೇಂದ್ರ ಕಾರಾಗೃಹವು ಪರಪ್ಪನ ಅಗ್ರಹಾರದಲ್ಲಿ ನೆಲೆಗೊಂಡಮೇಲೆ, ‘ಅವನು ಪರಪ್ಪನ ಅಗ್ರಹಾರಕ್ಕೆ ಹೋದನು’ ಎಂದರೆ ವೇದಾಧ್ಯಯನಕ್ಕೆ ಹೋದನೆಂದು ಯಾರೂ ತಿಳಿಯರು. ಇದು ರೂಢಿಲಕ್ಷಣೆ. ಇದಕ್ಕೆ ವಿಪರ್ಯಯವಾಗಿ ಅದೇ ನಗರದ ಹಳೆಯ ಸೆರೆಮನೆಯ ಆವರಣವು 2008ರಲ್ಲಿ ಫ್ರೀಡಂ ಪಾರ್ಕ್ ಎಂಬ ಉದ್ಯಾನವಾಯಿತು. ಗೋಡೆಗಳು ನಿಂತಲ್ಲಿಯೇ ನಿಂತಿರಲು ಮಾತುಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವುವು.

8. ಉಪಸಂಹಾರ

ಈ ವಿಚಾರವು ಶಬ್ದಪ್ರಿಯರ ವಿನೋದ ಮಾತ್ರವೆಂದು ಭಾವಿಸಬಾರದು. ಚಾಮರಾಜ ಒಡೆಯರವರು ‘ಕಾರಾಗೃಹದಲ್ಲಿ ಮರಣಹೊಂದಿದರು’ ಎಂದು ಇಂದಿನ ವಿದ್ಯಾರ್ಥಿಯು ಓದಿದರೆ, ಅವನ ಮನಸ್ಸಿಗೆ ಬರುವುದು ನ್ಯಾಯಸ್ಥಾನ, ಅಪರಾಧ, ತೀರ್ಪು, ಅವಧಿಗಳ ಚಿತ್ರ. ಕಬ್ಬಾಳದುರ್ಗದಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ. ಕೌಟಿಲ್ಯನ ಬಂಧನಾಗಾರಕ್ಕೆ ಹುಣ್ಣಿಮೆಯ ದಿನದಲ್ಲಿ ತೆರೆಯುವ ಬಾಗಿಲಿತ್ತು; ಈ ದುರ್ಗಕ್ಕೆ ಅಂಥ ಹುಣ್ಣಿಮೆಯಿರಲಿಲ್ಲ. ಒಂದು ಪದವನ್ನು ಅಜಾಗರೂಕತೆಯಿಂದ ಹಾಕುವುದರಿಂದ, ಅಧಿಕಾರವನ್ನು ಕಸಿದುಕೊಂಡವರ ಕೃತ್ಯಕ್ಕೆ ನಾವು ಅರಿಯದೆಯೇ ನ್ಯಾಯದ ಮುದ್ರೆಯನ್ನು ಒತ್ತಿದಂತಾಗುವುದು. ತೀರಿಹೋದವರಿಗೆ ಚರಿತ್ರಕಾರನು ಕೊಡಬಲ್ಲುದು ಸರಿಯಾದ ಮಾತನ್ನು ಮಾತ್ರ. ಅದನ್ನೂ ಕೊಡದಿರುವುದು ತರವಲ್ಲ.

ಆದುದರಿಂದ ಅಧ್ಯಾಪಕರೂ ಭಾಷಾಂತರಕಾರರೂ ಹೀಗೆ ವಿಂಗಡಿಸಿಕೊಳ್ಳಬಹುದೆಂದು ಸೂಚಿಸುತ್ತೇನೆ. ಕಾಯಿದೆಯಂತೆ ತೀರ್ಪಾಗಿ ಅಪರಾಧಿಗಳನ್ನಿಡುವ ಇಂದಿನ ಸಂಸ್ಥೆಗೆ ‘ಕಾರಾಗೃಹ’ವೆಂಬುದು ಇರಲಿ, ಸರಕಾರದ ವ್ಯವಹಾರದಲ್ಲಿಯೂ ಅದೇ ನಿಂತಿದೆ. ಯುದ್ಧದಲ್ಲಿಯೋ ಕಲಹದಲ್ಲಿಯೋ ಒಬ್ಬನು ಇನ್ನೊಬ್ಬನ ವಶವಾದ ಸ್ಥಿತಿಗೆ ‘ಸೆರೆ’ ಎಂಬುದಿರಲಿ. ಹದಿನೆಂಟನೆಯ ಶತಮಾನದ ರಾಜಧಾನಿಗಳ ಸೆರೆಮನೆಗಳಿಗೆ ಆ ಕಾಲದ ಛಾಯೆಯುಳ್ಳ ‘ಬಂದೀಖಾನೆ’ಯು ಒಪ್ಪುವುದು. ವಿಚಾರಣೆಯಿಲ್ಲದೆ, ಅವಧಿಯಿಲ್ಲದೆ, ಪದಚ್ಯುತರಾದ ರಾಜರನ್ನೂ ರಾಣಿಯರನ್ನೂ ಬೆಟ್ಟದ ಮೇಲಣ ಕೋಟೆಗಳಲ್ಲಿಟ್ಟುದನ್ನು ಹೇಳಬೇಕಾದಲ್ಲಿ ‘ದುರ್ಗಬಂಧನ’ವೆಂದು ಹೇಳಿದರೆ, ಸ್ಥಳವೂ ಕ್ರಮವೂ ಅದರ ಕ್ರೌರ್ಯವೂ ಒಟ್ಟಿಗೆ ತಿಳಿಯುವುದು. ಈ ಸಮಾಸವು ರೂಢವಲ್ಲದಿದ್ದರೂ ಅರ್ಥವಾಗದ ಮಾತಲ್ಲ. ಇದಕ್ಕಿಂತ ಲೇಸಾದುದನ್ನು ವಿದ್ವಾಂಸರು ಸೂಚಿಸಿದರೆ ಸಂತೋಷದಿಂದ ಸ್ವೀಕರಿಸುವೆನು.

ಕೊನೆಯದಾಗಿ ಒಂದು ಮಾತು. ಸಂಸ್ಕೃತದಲ್ಲಿ ‘ದುರ್ಗ’ವೆಂದರೆ ಕೋಟೆ, ‘ದುರ್ಗ’ವೆಂದರೆ ಕಷ್ಟ, ‘ದುರ್ಗಾ’ ಎಂದರೆ ಕಷ್ಟದಿಂದ ದಾಟಿಸುವ ದೇವಿ. ಈ ಮೂರು ಅರ್ಥಗಳೂ ಒಂದೇ ಎಡೆಯಲ್ಲಿ ಕೂಡಿರುವ ಊರು ಕಬ್ಬಾಳು. ಮೇಲೆ ಕೋಟೆಯ ಅವಶೇಷಗಳಿವೆ. ಅದರೊಳಗೆ ನಡೆದ ಕಷ್ಟದ ಕಥೆಯು ಗ್ರಂಥಗಳಲ್ಲಿದೆ. ಕೆಳಗೆ ದೇವಿಯ ಮುಂದೆ ಜನರು ತಮ್ಮ ತಮ್ಮ ಬಿಡುಗಡೆಗಾಗಿ ಕೈಮುಗಿದು ನಿಂತಿದ್ದಾರೆ. ಅವರಲ್ಲಿ ಕೆಲವರಾದರೂ ಹಿಂದಿರುಗುವಾಗ ಒಮ್ಮೆ ಬೆಟ್ಟದ ಕಡೆಗೆ ನೋಡಿ, ಇಳಿದು ಬರಲಾಗದೆ ಅಲ್ಲಿಯೇ ಉಳಿದ ಆ ಇಬ್ಬರನ್ನು ಸ್ಮರಿಸುವಂತಾದರೆ ಈ ಲೇಖನದ ಶ್ರಮವು ಸಾರ್ಥಕವಾಗುವುದು.